ನಾಲ್ಕೂವರೆ ಸುತ್ತು

ನಮ್ಮ ಭಾವನನ್ನು ಎಲ್ಲರೂ ಕರೆಯುವುದು ಹಲ್ಲಿನ ಡಾಕ್ಟರು ಎಂದು. ಗೊತ್ತಿಲ್ಲದ ಒಬ್ಬಿಬ್ಬರು ದವಡೆ ಹಿಡಿದುಕೊಂಡು ಶೆಡ್ಡಿನ ಬಾಗಿಲಿಗೆ ಬಂದದ್ದೂ ಉಂಟು. ಭಾವ ನೋಡುವುದು ಗಾಡಿಯ ಹಲ್ಲು. ಎರಡು ಚಕ್ರಗಳ ನಡುವಿನ ಆಕ್ಸಲ್ಲಿನ ಹೊಟ್ಟೆಯೊಳಗೆ ಒಂದು ದೊಡ್ಡ ಹಲ್ಲುಚಕ್ರ, ಅದನ್ನು ಕಚ್ಚಿಕೊಂಡು ತಿರುಗುವ ಇನ್ನೊಂದು ಚಿಕ್ಕದು. ಇವೆರಡೂ ಹೊಂದಿಕೊಂಡರೆ ಗಾಡಿ ತೆಪ್ಪಗೆ ಓಡುತ್ತದೆ, ಇಲ್ಲದಿದ್ದರೆ ಬೀದಿಗೆಲ್ಲ ಕೇಳುವಂತೆ ಗೋಳಿಡುತ್ತದೆ. ಭಾವ ಹಲ್ಲಿಗೆ ಹಳದಿ ಬಣ್ಣ ಹಚ್ಚಿ, ಕೈಯಲ್ಲಿ ತಿರುಗಿಸಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಗುರುತು ನೋಡುತ್ತಾರೆ. ಗುರುತು ಹಲ್ಲಿನ ನಡುಮಧ್ಯ ಬಿದ್ದಿರಬೇಕು. ಒಂದಿಷ್ಟು ಅಂಚಿಗೆ ಸರಿದಿದ್ದರೂ ಎಲ್ಲವನ್ನೂ ಮತ್ತೆ ಬಿಚ್ಚಿ ಕೂರುತ್ತಾರೆ. ಊಟಕ್ಕೆ ಕರೆದು ಕರೆದು ಸಾಕಾಗಿ ಅಕ್ಕ ಬೈಯುವ ಬೈಗುಳ ಆ ಶೆಡ್ಡಿನ ತಗಡಿಗೂ ಅಭ್ಯಾಸವಾಗಿದೆ.

ನಾನು ಅವರ ನಾದಿನಿ. ಅದೇ ಶೆಡ್ಡಿನ ಮುಂಭಾಗದಲ್ಲಿ ನನ್ನ ಟೈರಿನ ಅಂಗಡಿ. ನನ್ನ ಬಾಯಿ ಸ್ವಲ್ಪ ಜೋರು ಎನ್ನುತ್ತಾರೆ. ದಿನವಿಡೀ ಕಂಪ್ರೆಸರ್ ಪಕ್ಕದಲ್ಲಿ ಕೂತು ಪಿಸುಗುಟ್ಟಿದರೆ ಯಾರಿಗೆ ಕೇಳುತ್ತದೆ?

ಭಾವನಿಗೆ ಒಬ್ಬನೇ ತಮ್ಮ. ಮೀಸೆ ಬೆಳ್ಳಗಾದರೂ ಅವನು ಎಲ್ಲರಿಗೂ ಚಿಕ್ಕೋನು. ಕಲ್ಲುಗಣಿಯ ಹಿಂದಿನ ಗುಡ್ಡದ ಮೇಲೆ ಒಂದಷ್ಟು ಮನೆಗಳಿವೆ, ಒಂದು ಶಾಲೆಯಿದೆ. ಅಲ್ಲಿಗೆ ಹೋಗುವ ದಾರಿಯನ್ನು ರಸ್ತೆ ಎಂದರೆ ರಸ್ತೆಗೇ ಅವಮಾನ. ಚಿಕ್ಕೋನು ತನ್ನ ಜೀಪಿನಲ್ಲಿ ಟೀಚರುಗಳನ್ನು, ಮಕ್ಕಳನ್ನು, ಸಾಮಾನನ್ನು, ಬಸುರಿ ಬಾಣಂತಿಯರನ್ನು ಹತ್ತಿಸಿ ಇಳಿಸುತ್ತಿದ್ದ. ಆ ಕೆಲಸವನ್ನು ಅವನಿಗೆ ಕೊಟ್ಟದ್ದು ಶಾಲೆಯ ದೊಡ್ಡ ಟೀಚರಮ್ಮ. ಜಾಣ ಡ್ರೈವರ್ ಅಲ್ಲ, ಜೋಪಾನದ ಡ್ರೈವರ್ ಎಂದು ಆಕೆ ಹೇಳಿದ್ದ ಮಾತನ್ನು ಚಿಕ್ಕೋನು ಪದಕ ಸಿಕ್ಕಿದವನ ಹಾಗೆ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ.

ಜೀಪಿನ ಹೊಟ್ಟೆ ಕಲ್ಲಿಗೆ ತಾಗುತ್ತದೆಂದು ಅವನು ನನ್ನ ಹತ್ತಿರ ದೊಡ್ಡ ಟೈರು ಹಾಕಿಸಿಕೊಂಡ. ಮಾರಿದವಳು ನಾನೇ, ಆದರೆ ಮಾರುವಾಗಲೇ ಹೇಳಿದ್ದೆ, "ಟೈರೊಂದೇ ಬದಲಾಯಿಸಿದ್ರೆ ಆಗಲ್ಲ, ನಿಮ್ಮಣ್ಣನ ಹತ್ರ ಹಲ್ಲೂ ಬದಲಾಯಿಸ್ಕೋ" ಎಂದು. ದೊಡ್ಡ ಟೈರು ಎಂದರೆ ಕುಳ್ಳನಿಗೆ ಮರಗಾಲು ಕಟ್ಟಿದ ಹಾಗೆ. ಹೆಜ್ಜೆ ದೊಡ್ಡದಾಗುತ್ತದೆ, ಶಕ್ತಿ ಇದ್ದಷ್ಟೇ ಇರುತ್ತದೆ. ಏರಿನಲ್ಲಿ ಎಂಜಿನ್ನಿಗೆ ಏದುಸಿರು. ಇಳಿಜಾರಿನಲ್ಲಿ ಇನ್ನೂ ಅಪಾಯ. ಎಂಜಿನ್ನು ಗಾಡಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಅದಕ್ಕೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ನಿನಿಂದ ಆಕ್ಸಲ್ಲಿಗೆ ಬರುವ ಶಾಫ್ಟು ಮೊದಲಿಗಿಂತ ಹೆಚ್ಚು ಸುತ್ತು ತಿರುಗುವಂಥ ಹಲ್ಲು ಬೇಕು. ಮುಂದಿನ ಆಕ್ಸಲ್ಲಿಗೂ ಹಿಂದಿನ ಆಕ್ಸಲ್ಲಿಗೂ ಒಂದೇ ಲೆಕ್ಕದ್ದು ಬೇಕು, ಇಲ್ಲದಿದ್ದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದಾಗುತ್ತದೆ.

ಭಾವನ ಕಪಾಟಿನಲ್ಲಿ ಆಗ ಹಲ್ಲುಚಕ್ರದ ಎರಡು ಸೆಟ್ಟುಗಳಿದ್ದವು. ಒಂದು, ಚಕ್ರದ ಒಂದು ಸುತ್ತಿಗೆ ಶಾಫ್ಟು ಐದಕ್ಕೆ ತುಸು ಕಡಿಮೆ ಸುತ್ತು ತಿರುಗುವಂಥದ್ದು. ಆ ಟೈರಿಗೆ, ಆ ಗುಡ್ಡಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಇನ್ನೊಂದು ನಾಲ್ಕೂವರೆಯದು. ಸಪಾಟು ದಾರಿಗೆ ಧಾರಾಳ ಸಾಕು, ಗುಡ್ಡಕ್ಕೆ ಕೊರತೆ. ಮೊದಲನೆಯದನ್ನು ಭಾವ ಎಣ್ಣೆ ಕಾಗದದಲ್ಲಿ ಸುತ್ತಿ, ಮೇಲೊಂದು ಹಳೆಯ ಟವೆಲ್ ಮುಚ್ಚಿ ಇಟ್ಟಿದ್ದರು. ಅದು ಅಳಿಯನಿಗೆ.

ಅಳಿಯನದೂ ಅದೇ ಜಾತಿಯ ಜೀಪು. ಅವನಿಗೆ ಭಾನುವಾರ ಗೆಳೆಯರ ಜೊತೆ ಕೆಸರಿನಲ್ಲಿ ಗಾಡಿ ಹೊರಳಾಡಿಸುವ ಹುಚ್ಚು. ಯಾವುದೋ ಮಾತಿಗೆ ಮುನಿಸಿಕೊಂಡು ಬಹಳ ದಿನ ಮಾವನ ಮನೆಯ ಹೊಸ್ತಿಲು ತುಳಿಯದೆ ಇದ್ದವನು ಆಗಷ್ಟೇ ಬರತೊಡಗಿದ್ದ. ಮಗಳ ಮುಖದಲ್ಲಿ ನಗು ಕಂಡಿತ್ತು. ಒಂದು ದಿನ ಕಾಫಿ ಕುಡಿಯುತ್ತ, "ಅಂಥ ಸೆಟ್ ಸಿಕ್ಕಿದ್ರೆ ಹೇಳಿ ಮಾವ" ಎಂದಿದ್ದನಂತೆ. ಅಷ್ಟೇ ಅಂದದ್ದು. ಭಾವ ಅದನ್ನೇ ಅಪ್ಪಣೆ ಎಂದು ತಲೆಯ ಮೇಲೆ ಹೊತ್ತುಕೊಂಡರು. ಮತ್ತೊಂದು ಸೆಟ್ಟು ಫ್ಯಾಕ್ಟರಿಯಿಂದ ಯಾವಾಗ ಬರುತ್ತದೋ ಹೇಳುವವರಿಲ್ಲ.

ಚಿಕ್ಕೋನು ಬಂದು ಕೇಳಿದಾಗ ಭಾವ ನಾಲ್ಕೂವರೆಯ ಸೆಟ್ಟನ್ನು ಮೇಜಿನ ಮೇಲಿಟ್ಟರು.

"ಅಣ್ಣ, ಗುಡ್ಡಕ್ಕೆ ಇದು ಸಾಕಾಗುತ್ತಾ? ಐದರ ಹತ್ತಿರದ್ದು ಬೇಕು ಅಂತ ನೀನೇ ಒಂದ್ಸಲ ಹೇಳಿದ್ದೆ."

"ಅದಕ್ಕೂ ಇದಕ್ಕೂ ಏನು ಮಹಾ ವ್ಯತ್ಯಾಸ? ಅಳಿಯ ಅಲ್ಲ ಮಗಳ ಗಂಡ ಅಂದ ಹಾಗೆ. ಹಾಕ್ಕೊಂಡು ಹೋಗು."

ಬೇರೆ ಯಾವ ಗಾದೆಯೂ ಸಿಗಲಿಲ್ಲ ಅವರಿಗೆ! ಟೈರು ಉರುಳಿಸುತ್ತಿದ್ದ ನಾನೂ ನಕ್ಕೆ, ಚಿಕ್ಕೋನೂ ನಕ್ಕ. ಭಾವ ಮಾತ್ರ ನಗಲಿಲ್ಲ. ಟವೆಲ್ ಕೆಳಗೆ ಏನಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಆ ನಾಲ್ಕೂವರೆಯನ್ನು ಭಾವ ಎಂದಿನಂತೆ ಹಳದಿ ಬಣ್ಣ ಹಚ್ಚಿ, ಬಿಚ್ಚಿ, ಮತ್ತೆ ಕೂರಿಸಿ, ಗುರುತು ನಡುಮಧ್ಯ ಬೀಳುವಂತೆ ಮಾಡಿ ಕೊಟ್ಟರು. ಕೆಲಸದಲ್ಲಿ ಎಳ್ಳಷ್ಟೂ ಮೋಸವಿರಲಿಲ್ಲ. ಮೋಸವಿದ್ದದ್ದು ಆಯ್ಕೆಯಲ್ಲಿ. ವಾರ ಕಳೆಯುವುದರೊಳಗೆ ಟವೆಲ್ ಕೆಳಗಿನ ಸೆಟ್ಟು ಅಳಿಯನ ಜೀಪಿಗೆ ಹೋಯಿತು.

ಮಳೆ ಬಿದ್ದು ನೆಲ ಹಸಿಯಾಗಿದ್ದ ಒಂದು ಬೆಳಿಗ್ಗೆ ಚಿಕ್ಕೋನು ಶಾಲೆಯ ಹಳೆಯ ಬೆಂಚುಗಳನ್ನು ರಿಪೇರಿಗೆಂದು ತುಂಬಿಕೊಂಡು ಇಳಿಯುತ್ತಿದ್ದ. ಪುಣ್ಯಕ್ಕೆ ಜೊತೆಗೆ ಯಾರೂ ಇರಲಿಲ್ಲ. ಕಡಿದಾದ ತಿರುವಿನಲ್ಲಿ ಎಂಜಿನ್ನು ಗಾಡಿಯನ್ನು ಹಿಡಿಯಲಿಲ್ಲ. ತುಳಿದು ತುಳಿದು ಬ್ರೇಕು ಕಾದು ಸೋತಿತು. ಕಣಿವೆಯ ಕಡೆಗೆ ಹೋಗುವ ಬದಲು ಅವನು ಬೇಕೆಂದೇ ಗಾಡಿಯನ್ನು ಗುಡ್ಡದ ಗೋಡೆಗೆ ಒರಗಿಸಿದ. ಜೀಪಿನ ಮೂತಿ ಜಜ್ಜಿತು, ಅವನ ಎಡ ಮೊಣಕಾಲೂ ಜಜ್ಜಿತು.

ಜನರ ಬಾಯಿಗೆ ಬೀಗ ಉಂಟೇ? ಚಿಕ್ಕೋನು ಕೊಬ್ಬಿನಿಂದ ಓಡಿಸಿದ ಎಂದರು. ಅದು ಸಾಲದೆಂದು ದೊಡ್ಡ ಟೈರು ಮಾರಿ ಇವಳೇ ಅವನ ಕಾಲು ಮುರಿದಳು ಎಂದು ನನ್ನ ಅಂಗಡಿಯ ಎದುರೇ ನಿಂತು ಮಾತಾಡಿಕೊಂಡರು. ನಾನು ಬಿಟ್ಟೇನೆಯೇ, ನಾಲ್ಕು ಮಾತು ಸರಿಯಾಗಿಯೇ ಕೊಟ್ಟೆ. ಭಾವ ಒಳಗೆ ಸ್ಪ್ಯಾನರ್ ಹಿಡಿದು ಕೇಳಿಸಿಕೊಳ್ಳುತ್ತಿದ್ದರು. ನನ್ನ ಪರವಾಗಿ ಒಂದು ಮಾತು ಬರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತ್ತು, ಆದರೆ ಕಾರಣ ಹೊಳೆದಿರಲಿಲ್ಲ.

ದೊಡ್ಡ ಟೀಚರಮ್ಮ ಒಂದು ಸಂಜೆ ಶೆಡ್ಡಿಗೆ ಬಂದರು. ಅಂದು ಮಗಳು ಅಳಿಯ ಕೂಡ ಬಂದು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಟೀಚರಮ್ಮ ನೇರ ವಿಷಯಕ್ಕೆ ಬಂದರು.

"ನಿಮ್ಮ ತಮ್ಮ ತಪ್ಪು ತನ್ನದೇ ಅಂತಾರೆ. ನನಗ್ಯಾಕೋ ನಂಬಿಕೆ ಬರ್ತಿಲ್ಲ. ಗಾಡಿಯಲ್ಲೇ ಏನಾದ್ರೂ ಕೊರತೆ ಇತ್ತಾ? ಇದ್ರೆ ಸರಿ ಮಾಡ್ಸಿ, ಕಾಲು ವಾಸಿಯಾದ ಮೇಲೆ ಅವರೇ ಓಡಿಸ್ಲಿ. ಗಾಡಿ ಸರಿಯಾಗೇ ಇತ್ತು ಅಂದ್ರೆ ಮಾತ್ರ ನಾನು ಬೇರೆಯವರನ್ನ ನೋಡ್ಬೇಕಾಗುತ್ತೆ. ನೀವು ಹೇಳಿದ್ದೇ ಕೊನೆ."

ಭಾವ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು. ಅಳಿಯನ ಕಡೆ ಒಮ್ಮೆ ಕಣ್ಣು ಹೋಯಿತು.

"ಗಾಡಿ ಸರಿಯಾಗಿತ್ತು" ಎಂದರು. ಯಾರೂ ಕೇಳದಿದ್ದರೂ ಮುಂದುವರಿಸಿದರು, "ಹಲ್ಲಂತೂ ಸರಿಯಾಗೇ ಇತ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಮಾತು ಸುಳ್ಳಲ್ಲ. ಹಲ್ಲಿನ ಮಾತು ಎತ್ತಿದವರು ಯಾರು? ಟೀಚರಮ್ಮ ತಲೆಯಾಡಿಸಿ ಹೋದರು. ಚಿಕ್ಕೋನ ಕೆಲಸ ಹೋಯಿತು. ನಾನು ಸೀದಾ ಹೋಗಿ ಕಪಾಟು ತೆಗೆದೆ. ಎಣ್ಣೆ ಕಾಗದ, ಟವೆಲ್ ಎರಡೂ ಮಡಿಸಿಟ್ಟ ಹಾಗೇ ಇದ್ದವು, ಒಳಗೆ ಸುತ್ತಿಟ್ಟಿದ್ದ ಸೆಟ್ಟು ಇರಲಿಲ್ಲ.

ಅಂದಿನಿಂದ ಭಾವನಿಗೆ ಅನ್ನ ಸೇರಲಿಲ್ಲ. ಅವರಿಗೆ ಅದು ನುಂಗಲೂ ಆಗದ ಉಗುಳಲೂ ಆಗದ ತುತ್ತಾಗಿತ್ತು. ತಮ್ಮನ ಮನೆಗೆ ದಿನಾ ಹೋಗುವರು, ಮಂಚದ ಕಾಲಿನ ಬಳಿ ಕೂರುವರು, ಮೊಣಕಾಲಿನ ಬ್ಯಾಂಡೇಜನ್ನು ನೋಡಿ ಬರುವರು. ಕೊನೆಗೆ ಒಂದು ಮಧ್ಯಾಹ್ನ ಊಟದ ತಟ್ಟೆ ಸರಿಸಿ ಅಕ್ಕನ ಮುಂದೆ, ನನ್ನ ಮುಂದೆ ಎಲ್ಲವನ್ನೂ ಹೇಳಿದರು.

"ನನ್ನ ಕೈಯಾರೆ ಆರಿಸಿದೆ. ಒಡಹುಟ್ಟಿದವನಿಗೆ ಕಡಿಮೆಯದು, ಆಟಕ್ಕೆ ಕುಣಿಯೋನಿಗೆ ಒಳ್ಳೇದು. ಕೊಟ್ಟಿದ್ದಕ್ಕಿಂತ ದೊಡ್ಡ ಪಾಪ ಆಮೇಲೆ ಟೀಚರಮ್ಮನ ಎದುರು ಮಾಡಿದೆ."

ಬೈಯಬೇಕೆಂದು ತಯಾರಾಗಿ ಕೂತಿದ್ದ ನನಗೆ ಬಾಯಿ ಬರಲಿಲ್ಲ. ಅಕ್ಕನಿಗೆ ಬಂತು. "ಇಲ್ಲಿ ಕೂತು ಅತ್ರೆ ಹಲ್ಲು ವಾಪಸ್ ಬರುತ್ತಾ? ಎದ್ದೇಳಿ. ಅಳಿಯನ್ನ ಕೇಳಿ."

ಭಾವ ಹೋಗಿ ಕೇಳಿದರು. ಅಳಿಯ ರಂಪ ಮಾಡುತ್ತಾನೆ, ಮಗಳ ಸಂಸಾರಕ್ಕೆ ಮತ್ತೆ ಕಲ್ಲು ಬೀಳುತ್ತದೆ ಎಂದು ಹೆದರಿದ್ದರು. ಅವನು ತನ್ನ ಜೀಪಿನ ಬೀಗದ ಕೈ ತಂದು ಅವರ ಅಂಗೈಯಲ್ಲಿಟ್ಟ.

"ಅಲ್ಲ ಮಾವ, ಚಿಕ್ಕಮಾವನಿಗೆ ಬೇಕು ಅಂತ ಒಂದು ಮಾತು ಹೇಳಿದ್ರೆ ನಾನು ಬೇಡ ಅಂತಿದ್ನಾ? ನನ್ನ ಗಾಡಿ ಕೆಸರಲ್ಲಿ ಆಡೋ ಗಾಡಿ."

ಭಾವ ಮನೆಗೆ ಬಂದು ಇದನ್ನು ನಮಗೆ ಹೇಳಿದರು. ಅಳಿಯ ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೂತಿ ಜಜ್ಜಿದ ಜೀಪನ್ನು ಎಳೆದು ತಂದು, ತಗಡು ಬಡಿಸಿ, ಆಕ್ಸಲ್ ಎರಡನ್ನೂ ಬಿಚ್ಚಿ ಭಾವ ಒಬ್ಬರೇ ಕೂತು ಕೆಲಸ ಮಾಡಿದರು. ನಡುವೆ ಯಾರನ್ನೂ ಹತ್ತಿರ ಸೇರಿಸಲಿಲ್ಲ. ಕೆಲಸ ಮುಗಿದ ದಿನ ಚಿಕ್ಕೋನು ಊರುಗೋಲು ಹಿಡಿದು ಶೆಡ್ಡಿಗೆ ಬಂದ. ಜೀಪು ಜ್ಯಾಕಿನ ಮೇಲಿತ್ತು. ಭಾವ ಬಾಯಿ ತೆರೆಯುವ ಮೊದಲೇ ಅವನು ನನ್ನ ಹತ್ತಿರ ಸೀಮೆಸುಣ್ಣ ಕೇಳಿ ಇಸಿದುಕೊಂಡ. ಟೈರಿಗೊಂದು ಗೆರೆ, ಶಾಫ್ಟಿಗೊಂದು ಗೆರೆ ಎಳೆದ. ನೆಲದ ಮೇಲೆ ಕಷ್ಟಪಟ್ಟು ಕೂತು, ನನ್ನಿಂದ ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ನಿಧಾನ ತಿರುಗಿಸಿ, ಶಾಫ್ಟಿನ ಗೆರೆಯನ್ನೇ ನೋಡುತ್ತ ಜೋರಾಗಿ ಎಣಿಸಿದ. ಟೈರಿನ ಗೆರೆ ಮೊದಲಿದ್ದ ಜಾಗಕ್ಕೆ ಬರುವಾಗ ಅವನ ಎಣಿಕೆ ಐದಕ್ಕೆ ತುಸು ಮುಂಚೆ ನಿಂತಿತು.

"ಈಗ ಸರಿ ಇದೆ ಅಣ್ಣ" ಎಂದ. "ಆವಾಗ ನಾಲ್ಕೂವರೆ ಇತ್ತು."

ಭಾವ ಅವನ ಪಕ್ಕದಲ್ಲಿ ಕುಕ್ಕರಿಸಿದರು. "ಎಣಿಸಿದ್ಯಾ?"

"ಗಾಡಿ ತಗೊಂಡು ಹೋದ ದಿನವೇ ಎಣಿಸಿದೆ. ಆಮೇಲೆ ಅಳಿಯನ ಗಾಡೀದೂ ಎಣಿಸಿದೆ."

"ಗೊತ್ತಿದ್ದೂ ಯಾಕೋ ಬಾಯಿ ಬಿಡ್ಲಿಲ್ಲ? ಟೀಚರಮ್ಮ ಕೇಳಿದಾಗ್ಲಾದ್ರೂ ಹೇಳ್ಬಾರ್ದಿತ್ತಾ?"

ಚಿಕ್ಕೋನು ಕೈಯಲ್ಲಿದ್ದ ಸೀಮೆಸುಣ್ಣದ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ. "ನೀನು ಹೇಳ್ತೀಯ ಅಂತ ಕಾಯ್ತಿದ್ದೆ."

ಭಾವ ಅದೇ ಗ್ರೀಸಿನ ಅಂಗಿಯಲ್ಲಿ ಗುಡ್ಡ ಹತ್ತಿ ಶಾಲೆಗೆ ಹೋದರು. ಟೀಚರಮ್ಮನಿಗೆ ಎಲ್ಲವನ್ನೂ ಹೇಳಿದರು. ಆಕೆ ಪೂರ್ತಿ ಕೇಳಿಸಿಕೊಂಡರಂತೆ. ಹೊಸ ಡ್ರೈವರ್ ಬಂದಾಗಿದೆ, ಅವನೂ ಹೆಂಡತಿ ಮಕ್ಕಳಿರುವವನು, ಈಗ ಹೇಗೆ ತೆಗೆಯಲಿ ಎಂದರಂತೆ. ಭಾವ ಹೊರಡುವಾಗ ಇನ್ನೊಂದು ಮಾತು ಕೇಳಿದರಂತೆ, "ಅವತ್ತೂ ನೀವೇ ಹೇಳಿದ್ದು, ಇವತ್ತೂ ನೀವೇ ಹೇಳ್ತಿದೀರಿ. ನಾಳೆಯಿಂದ ನಿಮ್ಮ ಮಾತು ನಂಬಿ ಮಕ್ಕಳನ್ನ ಗಾಡಿ ಹತ್ತಿಸ್ಬೇಕಾದ್ರೆ ನಾನು ಏನು ನೋಡ್ಲಿ?"

ಚಿಕ್ಕೋನ ಕಾಲು ಪೂರ್ತಿ ಮಡಚುವುದಿಲ್ಲ. ಈಗ ಶೆಡ್ಡಿನಲ್ಲೇ ಕೂರುತ್ತಾನೆ, ಜೀಪನ್ನು ಹತ್ತಿರದ ಬಾಡಿಗೆಗೆ ಮಾತ್ರ ತೆಗೆಯುತ್ತಾನೆ. ಅಣ್ಣತಮ್ಮಂದಿರು ಆ ವಿಷಯವನ್ನು ಮತ್ತೆ ಎತ್ತಿಲ್ಲ. ಆದರೆ ಹಲ್ಲು ಬದಲಾಯಿಸಿದ ಯಾವ ಗಾಡಿಯೂ ಈಗ ಹಾಗೇ ಹೊರಗೆ ಹೋಗುವುದಿಲ್ಲ. ಹಳದಿ ಗುರುತು ಎಷ್ಟೇ ನಡುಮಧ್ಯ ಬಿದ್ದಿರಲಿ, ಕೊನೆಗೆ ಭಾವ ಸೀಮೆಸುಣ್ಣ ತೆಗೆದುಕೊಂಡು, "ತಮ್ಮಾ, ಬಾರೋ, ಎಣಿಸು" ಎಂದು ಕರೆಯುತ್ತಾರೆ. ಗಾಡಿಯ ಯಜಮಾನರು ಇದೇನು ತಮಾಷೆ ಎಂದು ನೋಡುತ್ತಾರೆ. ಕೆಲವರು ನಗುತ್ತಾರೆ, ಹಲ್ಲಿನ ಡಾಕ್ಟರಿಗೇ ಲೆಕ್ಕ ಬರುವುದಿಲ್ಲವೇ ಎಂದು ಕೇಳುತ್ತಾರೆ. ಚಿಕ್ಕೋನು ಕಾಲು ಚಾಚಿ ನೆಲದ ಮೇಲೆ ಕೂತು, ಬೀದಿಗೆಲ್ಲ ಕೇಳುವಂತೆ ಒಂದೊಂದೇ ಸುತ್ತು ಎಣಿಸುತ್ತಾನೆ. ಅವನು ಸರಿ ಇದೆ ಎನ್ನುವವರೆಗೆ ಭಾವ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿರುತ್ತಾರೆ.