ಶಾಲೆ ಬಿಟ್ಟಿದೆಯೇ?

ಜಲಜಕ್ಕನ ಮನೆಯಲ್ಲಿ ಕಂಪ್ಯೂಟರ್ ಇತ್ತು, ಕನ್ನಡ ಟೈಪಿಂಗೂ ಅವರಿಗೆ ಬರುತ್ತಿತ್ತು. ಆದರೂ ವಾರಕ್ಕೆರಡು ಸಲ ಒಂದೇ ಒಂದು ಹಾಳೆ ಹಿಡಿದುಕೊಂಡು ಮುಂಬಯಿ ಪಕ್ಕದ ಡೊಂಬಿವಲಿ ಸ್ಟೇಷನ್ ಹತ್ತಿರದ ನನ್ನ ಟೈಪಿಂಗ್, ಝೆರಾಕ್ಸ್ ಅಂಗಡಿಗೆ ಬರುತ್ತಿದ್ದರು. ಹತ್ತು ಹಾಳೆ ಒಟ್ಟಿಗೆ ತರಬಾರದೇ ಎಂದು ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಅರ್ಥವಾಯಿತು. ಸ್ಟೂಲಿನ ಮೇಲೆ ಅರ್ಧ ಗಂಟೆ ಕೂತು ನಮ್ಮ ಕಡೆಯ ಮಾತು ಆಡಲು ಅವರಿಗೆ ಒಬ್ಬ ಮನುಷ್ಯ ಬೇಕಿತ್ತು, ಅಷ್ಟೇ.

ಪೂರ್ತಿ ಹೆಸರು ಡಾಕ್ಟರ್ ಜಲಜಾಕ್ಷಿ ಶಂಭು ಸಾಲಿಯಾನ್. ಅಪ್ಪ ಶಂಭಣ್ಣ ಉಡುಪಿ ಕಡೆಯಿಂದ ಬಂದು ಪಕ್ಕದ ಕಲ್ಯಾಣದ ಹೋಟೆಲೊಂದರಲ್ಲಿ ಮೂವತ್ತು ವರ್ಷ ದೋಸೆ ಹುಯ್ದವರು. ಮಗಳು ಓದಿ ಓದಿ ನವಿ ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ರೀಡರ್ ಆದರು. ಬಡವರ ಮಕ್ಕಳ ಶಾಲೆ, ಬಿಸಿಯೂಟ, ಸ್ಕಾಲರ್‌ಶಿಪ್, ಹಾಸ್ಟೆಲ್, ಇವೇ ಅವರ ವಿಷಯ. ಮದುವೆ ಆಗಲಿಲ್ಲ. ಎಂಐಡಿಸಿ ಕಾರ್ಖಾನೆಗಳ ಪಕ್ಕದ ಎರಡು ಕೋಣೆಯ ಮನೆಯಲ್ಲಿ, ಅಪ್ಪ ತೀರಿಕೊಂಡ ಮೇಲೆ, ಒಬ್ಬರೇ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೆ ಹೆಂಗಸರು ಸಂಶೋಧನೆಯ ಸುದ್ದಿ ಬಿಟ್ಟು "ಯಾಕೆ ಆಗ್ಲಿಲ್ಲ ನಿಮಗೆ?" ಎಂದು ಶುರು ಮಾಡುತ್ತಿದ್ದರು. ಕೊನೆಗೆ ಅಕ್ಕ ಅಲ್ಲಿಗೆ ಹೋಗುವುದನ್ನೇ ನಿಲ್ಲಿಸಿದರು.

೨೦೦೮ರಲ್ಲಿ ಅವರು ನವಿ ಮುಂಬಯಿಯ ರಬಾಳೆ ಸ್ಟೇಷನ್ನಿನ ಹಿಂದಿನ ಗುಡಿಸಲುಗಳಲ್ಲಿ ಒಂದು ಸಮೀಕ್ಷೆಗೆ ಇಳಿದರು. ಅಲ್ಲಿದ್ದವರು ಯಾದಗಿರಿ ಕಡೆಯಿಂದ ಬಂದು ಕಟ್ಟಡ ಕೆಲಸ ಮಾಡುವ ಜನ. ಅವರ ಮಕ್ಕಳಿಗೆ ಒಂದು ಟ್ರಸ್ಟಿನ ಕನ್ನಡ ಶಾಲೆ ಇತ್ತು. ಎಷ್ಟು ಮಕ್ಕಳು ಓದು ಅರ್ಧಕ್ಕೆ ನಿಲ್ಲಿಸಿದ್ದಾರೆ ಎಂದು ಲೆಕ್ಕ ಹಿಡಿಯಬೇಕಿತ್ತು. ಫಾರ್ಮಿನಲ್ಲಿ ಅಕ್ಕ ಬರೆದು ತಂದದ್ದು "ಮಗು ಶಾಲೆಗೆ ಹೋಗುವುದನ್ನು ಸಂಪೂರ್ಣವಾಗಿ ನಿಲ್ಲಿಸಿದೆಯೇ?" ಎಂದು.

"ಅಕ್ಕ, ಇದು ಎರಡನೇ ಪುಟಕ್ಕೆ ಹೋಗ್ತದೆ. ‘ಶಾಲೆ ಬಿಟ್ಟಿದೆಯೇ’ ಅಂತ ಹಾಕುವನಾ? ಜನರಿಗೂ ಅರ್ಥ ಆಗ್ತದೆ" ಎಂದೆ ನಾನು, ದೊಡ್ಡ ಪಂಡಿತನ ಹಾಗೆ.

"ಹೌದು ಮಾರಾಯ, ನನ್ನದು ತೀರಾ ಪುಸ್ತಕದ ಭಾಷೆ ಆಯ್ತು" ಎಂದು ನಕ್ಕರು.

ಕಾಲೇಜಿನ ಹುಡುಗ ಹುಡುಗಿಯರು ಫಾರ್ಮು ಹಿಡಿದು ಮನೆಮನೆಗೆ ಹೋದರು. ಎಲ್ಲ ಇಲ್ಲೇ ಹುಟ್ಟಿ ಬೆಳೆದವರು, ಕನ್ನಡ ಅರ್ಧಂಬರ್ಧ. ವರದಿ ಬಂತು: ನೂರಕ್ಕೆ ಅರವತ್ತೊಂದು ಮಕ್ಕಳು ಶಾಲೆ ಬಿಟ್ಟಿದ್ದಾರೆ, ಮುಖ್ಯ ಕಾರಣ ಸಮಯದ ಅಭಾವ. ಅಕ್ಕ ಅದನ್ನು ದಿಲ್ಲಿಯ ಸಮ್ಮೇಳನವೊಂದರಲ್ಲಿ ಓದಿದರು, ಪತ್ರಿಕೆಯಲ್ಲಿ ಫೋಟೊ ಬಂತು. ಆ ಸಂಜೆ ಅಕ್ಕ ಪೇಡೆ ತಂದು ನನ್ನ ಗಿರಾಕಿಗಳಿಗೂ ಹಂಚಿದರು. ಮನೆಯಲ್ಲಿ ಹಂಚಲು ಯಾರಿದ್ದರು?

೨೦೧೧ರ ಜೂನಿನಲ್ಲಿ ಟ್ರಸ್ಟಿನವರು ಶಾಲೆ ಮುಚ್ಚಿದರು. ಅವರಿಗೆ ಕಟ್ಟಡ ಬೇರೆ ಯಾವುದಕ್ಕೋ ಬೇಕಿತ್ತು. ಮಕ್ಕಳೇ ಇಲ್ಲ, ಬೇಕಾದರೆ ಮೇಡಂ ವರದಿ ನೋಡಿ ಎಂದುಬಿಟ್ಟರು. ಹಾಜರಿ ಪುಸ್ತಕ ತೆರೆದು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ.

ಸುದ್ದಿ ಕೇಳಿ ಅಕ್ಕ ಗಾಬರಿಯಿಂದ ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ರಬಾಳೆಗೆ ಓಡಿದರು. ಭೀಮಮ್ಮ ಎಂಬ ಗಾರೆ ಕೆಲಸದ ಹೆಂಗಸು ಸಿಕ್ಕಳು. ಮಗಳು ಮರಗಮ್ಮ ಐದನೆಯ ತರಗತಿಯಲ್ಲಿದ್ದಳಂತೆ, ಒಂದು ದಿನವೂ ತಪ್ಪಿಸಿದವಳಲ್ಲ. ಹಾಗಾದರೆ ಆವತ್ತು ಬಿಟ್ಟಿದ್ದಾಳೆ ಅಂತ ಯಾಕಮ್ಮ ಹೇಳಿದೆ ಎಂದು ಅಕ್ಕ ಕೇಳಿದರು.

"ಸಂಜಿ ಆರಕ್ಕ ಬಂದು ಸಾಲಿ ಬಿಟ್ಟದೇನು ಅಂತ ಕೇಳಿದ್ರು. ಹೌದ್ರೀ, ಬಿಟ್ಟದ ಅಂದೆ. ಐದಕ್ಕ ಬಿಡ್ತದಲ್ರೀ ಯವ್ವಾ! ಯಾಕ ಬಿಟ್ಟದ ಅಂದ್ರು. ಟೈಮ್ ಆಗ್ಯದಲ್ರೀ ಅಂದೆ. ಇಂಥಾದ್ನೂ ಕೇಳ್ತಾರಲ್ಲ ಅಂತ ನಾವು ನಕ್ಕಿದ್ವಿ."

ಇದನ್ನು ಅಕ್ಕ ನನ್ನ ಅಂಗಡಿಯಲ್ಲಿ ಕೂತು ಹೇಳಿದರು. ಫಾರ್ಮಿನ ಆ ಮಾತು ನನ್ನದು. ಅದನ್ನು ಅವರಿಗೆ ನೆನಪಿಸಲು ಬಾಯಿ ಬರಲಿಲ್ಲ. ಅವರೂ ಎತ್ತಲಿಲ್ಲ.

ಮರುದಿನವೇ ವರದಿ ತಪ್ಪು ಎಂದು ಸಂಸ್ಥೆಗೂ ಟ್ರಸ್ಟಿಗೂ ಪತ್ರ ಬರೆದರು. ಶಾಲೆ ಮತ್ತೆ ತೆರೆಯಬೇಕು, ಅವರಿಗೆ ಬೇಕಾದದ್ದು ಅಷ್ಟೇ. ಡೈರೆಕ್ಟರ್ ಕರೆದು, ಸುಮ್ಮನಿರಿ ಮೇಡಂ, ನಿಮ್ಮ ಪ್ರೊಫೆಸರ್ ಬಡ್ತಿಯ ಫೈಲು ಮೇಲೆ ಹೋಗಿದೆ, ಸಂಸ್ಥೆಯ ಮಾನ ಯಾಕೆ ಕಳೆಯುತ್ತೀರಿ ಎಂದರು. ಅಕ್ಕ ಸುಮ್ಮನಿರಲಿಲ್ಲ. ಫೈಲು ಕೆಳಗೆ ಬಂತು. ಒಟ್ಟಿಗೆ ಚಹಾ ಕುಡಿಯುತ್ತಿದ್ದವರು ಇವರು ಬಂದಾಗ ಲೋಟ ಖಾಲಿ ಮಾಡಿ ಏಳತೊಡಗಿದರು. ಟ್ರಸ್ಟಿನ ಬಾಗಿಲಲ್ಲಿ ಮೂರು ವರ್ಷ ಅಲೆದರು. ಪಾಪ, ಜೊತೆಗೆ ಹೋಗಲು ಒಂದು ನರಪಿಳ್ಳೆಯೂ ಇರಲಿಲ್ಲ. ನಾನಾದರೂ ಹೋಗಬಹುದಿತ್ತು. ಅಂಗಡಿ ಇದೆ ಎಂದು ನೆಪ ಹೇಳಿದೆ. ಹೇಡಿ ನಾನು, ಇನ್ನೇನು.

೨೦೧೪ರಲ್ಲಿ ಅಕ್ಕ ಹೊಸ ಫಾರ್ಮು ತಂದರು. ಮಕ್ಕಳು ಬೇರೆ ಶಾಲೆಗಾದರೂ ಹೋಗುತ್ತಿದ್ದಾರೆ, ಆ ಅರವತ್ತೊಂದರ ಅಂಕಿ ಸುಳ್ಳು ಎಂದು ತೋರಿಸಿದರೆ ಟ್ರಸ್ಟಿನವರ ಬಾಯಿ ಕಟ್ಟುತ್ತದೆ ಎಂಬ ಆಸೆ. ಪ್ರಶ್ನೆ ಮೂರು ಸಾಲು ಇತ್ತು, ನಾನು ಮೂರು ಸಾಲೂ ಹಾಕಿದೆ. ಈ ಸಲ ಹುಡುಗರನ್ನು ಕಳಿಸಲಿಲ್ಲ. ಹನ್ನೆರಡು ಭಾನುವಾರ ತಾವೇ ಮನೆಮನೆ ಹತ್ತಿ ಇಳಿದರು. ಮೊಣಕಾಲು ಬಾತಿತ್ತು.

ಎಲ್ಲ ಮುಗಿಸಿ ಬಂದ ಸಂಜೆ ಸ್ಟೂಲಿನ ಮೇಲೆ ಕೂತು, "ಅರವತ್ನಾಲ್ಕು, ವಾಸು" ಎಂದರು.

"ಏನು ಅರವತ್ನಾಲ್ಕು?"

"ನೂರಕ್ಕೆ ಅರವತ್ನಾಲ್ಕು. ಈಗ ನಿಜವಾಗಿಯೂ ಬಿಟ್ಟಿದ್ದಾರೆ. ಶಾಲೆ ಇಲ್ಲದ ಮೇಲೆ ಎಲ್ಲಿಗೆ ಹೋಗ್ತಾರೆ? ಮರಾಠಿ ಶಾಲೆಯಲ್ಲಿ ಭಾಷೆ ಬರ್ಲಿಲ್ಲ, ದೂರ ಬೇರೆ."

ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ಡೈರೆಕ್ಟರ್. ಗಟ್ಟಿ ಗಂಟಲು, ನನಗೂ ಕೇಳುತ್ತಿತ್ತು. ಬರುವ ದಾರಿಯಲ್ಲೇ ಅಕ್ಕ ಅಂಕಿಯನ್ನು ಅವರಿಗೆ ಮೆಸೇಜ್ ಮಾಡಿದ್ದರಂತೆ. ನಿಮ್ಮ ಹಳೆಯ ವರದಿಯೇ ಸರಿ ಇತ್ತಲ್ಲ ಮೇಡಂ, ಅಭಿನಂದನೆ, ಆ ತಪ್ಪೊಪ್ಪಿಗೆ ಪತ್ರ ವಾಪಸು ತಗೊಳ್ಳಿ, ಫೈಲು ನಾಳೆಯೇ ಕಳಿಸುತ್ತೇನೆ ಎಂದರು. ಅಕ್ಕ "ಆಗ ಅದು ಸುಳ್ಳು, ಸರ್" ಎಂದಷ್ಟೇ ಹೇಳಿ ಫೋನು ಇಟ್ಟರು.

ನನಗೆ ತಡೆಯಲಾಗಲಿಲ್ಲ. "ಅಕ್ಕ, ಆ ಪ್ರಶ್ನೆ ಚಿಕ್ಕದು ಮಾಡಿದ್ದು ನಾನು. ನನ್ನ ಹೆಸರು ಹೇಳಿದ್ರೆ ನೀವು ಉಳಿತಿದ್ರಿ" ಎಂದೆ. ಕಣ್ಣಲ್ಲಿ ನೀರು ಬಂತು, ನಾಚಿಕೆಯಾಯಿತು.

"ನೀನು ಟೈಪ್ ಮಾಡುವವ. ನೋಡ್ಬೇಕಾದ್ದು ನಾನು" ಎಂದು ಚೀಲದಿಂದ ಒಂದು ಫಾರ್ಮು ತೆಗೆದರು. "ಇದನ್ನು ಹೊಸ ವರದಿಯ ಮೊದಲ ಪುಟದಲ್ಲಿ ಹಾಕ್ಬೇಕು."

ಮರಗಮ್ಮನ ಫಾರ್ಮು. ಹದಿಮೂರು ವರ್ಷ, ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ. ತಾಯಿ ಕೆಲಸಕ್ಕೆ ಹೋಗಿದ್ದಾಗ ಅಕ್ಕನ ಪ್ರಶ್ನೆಗಳಿಗೆ ಅವಳೇ ಹಿಂದಿಯಲ್ಲಿ ಉತ್ತರ ಕೊಟ್ಟಿದ್ದಳು. ಅಕ್ಕ ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಶಾಲೆ ಯಾಕೆ ಮುಚ್ಚಿತು ಎಂಬುದರ ಎದುರು ಅಕ್ಕನ ಅಕ್ಷರದಲ್ಲಿ ಹೀಗಿತ್ತು: ಯಾರೋ ಒಬ್ಬ ಮೇಡಂ ನಾವು ಹೋಗುವುದಿಲ್ಲ ಅಂತ ಬರೆದುಬಿಟ್ಟಳಂತೆ.

ನಾನು ಅದನ್ನು ಟೈಪ್ ಮಾಡಿ ತಲೆ ಎತ್ತಿದೆ. ಅಕ್ಕ ಸ್ಕ್ರೀನ್ ನೋಡುತ್ತಿದ್ದರು.

"ಇಷ್ಟೇ ಸಾಕಾ ಅಕ್ಕ?"

"ಕೆಳಗೆ ಆ ಮೇಡಮ್ಮನ ಹೆಸರು ಹಾಕು" ಎಂದರು. "ಡಾಕ್ಟರ್ ಬೇಡ. ಜಲಜಾಕ್ಷಿ ಶಂಭು ಸಾಲಿಯಾನ್."