ಹಬ್ಬದ ದಿನ ಆರಿಸಿದ ಯಂತ್ರ

ಹಿರಿಯೂರಿನ ಬಾಡಿಗೆ ಮನೆಗೆ ಕಾಲಿಟ್ಟಾಗ, ನನಗೆ ಮಲಗಲು ತೋರಿಸಿದ ಕೋಣೆಯಲ್ಲಿ ಒಂದು ಕಂಪ್ಯೂಟರ್ ಬುಸುಗುಡುತ್ತಿತ್ತು. ಮುಂದೆ ಯಾರೂ ಇರಲಿಲ್ಲ.

"ಇದನ್ನ ಯಾರು ಓಡಿಸ್ತಾವ್ರೆ?" ಅಂದೆ.

"ಅದೇ ಓಡ್ತೈತೆ ಅಜ್ಜಿ, ಹಗಲೂ ರಾತ್ರಿ. ನೀನು ಮುಟ್ಟಬ್ಯಾಡ," ಅಂದಳು ಮೊಮ್ಮಗಳು ಶೈಲಾ. ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಾ ಪಿಎಚ್.ಡಿ. ಮಾಡುತ್ತಿದ್ದಾಳೆ. ಅಡುಗೆಗೆ ಅಂತ ನನ್ನನ್ನು ನಮ್ಮೂರು ತಾಳ್ಯದಿಂದ ಕರೆತಂದಳು.

ತಾಳ್ಯದವರೇ, ಹಿರಿಯೂರು ಏನು ದೂರ ಅನ್ನಬೇಡಿ. ಅಲ್ಲಿ ಬಾಗಿಲು ತೆಗೆದರೆ ಹೊಲ, ಇಲ್ಲಿ ಹೈವೇ ಲಾರಿ. ಮನೆಯೊಡತಿ ಆಡುವುದು ತೆಲುಗು. ನೀರಿಗೆ ‘ನೀಳ್ಳು’ ಅನ್ನುತ್ತಾಳೆ. ಆ ಮಾತು ಕಲಿತು ಒಂದು ಕೊಡ ನೀರು ಕೇಳಿ ತಂದ ದಿನ, ಈ ಊರಲ್ಲಿ ಬದುಕಬಹುದು ಅಂದುಕೊಂಡೆ.

ಶೈಲಾಳ ಕೆಲಸ ನನಗೆ ತಿಳಿದಷ್ಟು ಹೇಳುತ್ತೇನೆ. ಹೈಡ್ರೋಜನ್‌ನಿಂದ ಕರೆಂಟ್ ತೆಗೆಯುವ ಪೆಟ್ಟಿಗೆಯೊಳಗೆ ಪ್ಲಾಟಿನಂ ಲೋಹದ ಕಣಗಳಿರುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಕೆಲಸವೆಲ್ಲ ಅವುಗಳದೇ. ದಿನ ಕಳೆದಂತೆ ಕರಗುತ್ತವೆ, ಇಲ್ಲವೇ ಒಂದಕ್ಕೊಂದು ಅಂಟಿ ದಪ್ಪಗಾಗಿ ಸೋಮಾರಿಯಾಗುತ್ತವೆ. ಎಷ್ಟು ಕಾಲ ತಾಳುತ್ತವೆ ಅಂತ ಅವಳು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ನೋಡುತ್ತಾಳೆ. ಒಂದು ಸಲಕ್ಕೆ ಮೂರು ವಾರ ಓಡಬೇಕು.

ಆಯುಧಪೂಜೆ ಬಂತು. ಶೈಲಾ ಕಾಲೇಜಿನ ಪೂಜೆಗೆ ಹೋಗಿದ್ದಳು. ನಮ್ಮಲ್ಲಿ ಆ ದಿನ ನೇಗಿಲಿಗೂ ಪಂಪ್‌ಸೆಟ್ಟಿಗೂ ಬಿಡುವು. ದುಡಿಯುತ್ತಿರುವ ಯಂತ್ರಕ್ಕೆ ಪೂಜೆ ಮಾಡುವುದಿಲ್ಲ, ನಿಲ್ಲಿಸಿ ಮಾಡುತ್ತೇವೆ. ಕಂಪ್ಯೂಟರಿನ ಗುಂಡಿ ಒತ್ತಿ ಆರಿಸಿದೆ, ಒರೆಸಿದೆ, ವಿಭೂತಿ ಎಳೆದು ಚೆಂಡುಹೂವು ಇಟ್ಟೆ. ಮುಟ್ಟಬೇಡ ಅಂದದ್ದು ಮರೆತಿರಲಿಲ್ಲ. ಹಬ್ಬದ ದಿನಕ್ಕೆ ಆ ಮಾತು ಇಲ್ಲ ಅಂತ ನಾನೇ ತೀರ್ಮಾನಿಸಿದೆ.

ಸಂಜೆ ಶೈಲಾ ಕಪ್ಪು ಪರದೆ ನೋಡಿ, ಚೀಲ ಹೆಗಲಲ್ಲಿದ್ದಂತೆಯೇ ಯಂತ್ರದ ಮುಂದೆ ಕೂತಳು. ಎರಡೇ ದಿನ ಬಾಕಿ ಇತ್ತಂತೆ. ಅದೇ ವಾರ ಗೈಡ್ ಪ್ರೊಫೆಸರಿಗೆ ಒಪ್ಪಿಸಬೇಕಿತ್ತಂತೆ. "ಕಂಪ್ಯೂಟರ್‌ನಾಗೆ ಜಾಗ ಸಾಲ್ದು ಅಂತ ಲೆಕ್ಕಾನ ನಡುವೆ ಎಲ್ಲೂ ಉಳಿಸಿಟ್ಟಿಲ್ಲ ಅಜ್ಜಿ. ಮತ್ತೆ ಮೊದಲಿಂದ."

"ಕರೆಂಟ್ ಹೋಗಿತ್ತು," ಅಂದುಬಿಟ್ಟೆ.

ಕರೆಂಟ್ ಹೋದರೂ ನಿಲ್ಲದಿರಲಿ ಅಂತ ಬ್ಯಾಟರಿ ಹಾಕಿಕೊಟ್ಟವನು ರಫಿ, ಕಾಲೇಜಿನ ಕಂಪ್ಯೂಟರುಗಳನ್ನೂ ರಿಪೇರಿ ಮಾಡುವ ಹುಡುಗ. ಮರುದಿನ ಅವನನ್ನು ಕರೆಸಿದಳು. ಬಿಚ್ಚಿ ನೋಡಿ, "ಬ್ಯಾಟ್ರಿ ಸರಿಯಾಗೈತೆ ಮೇಡಂ," ಅಂದ.

"ಸರಿಯಾಗಿದ್ರೆ ಯಾಕಪ್ಪ ನಿಂತೋಯ್ತು? ಇನ್ಮೇಲೆ ಕಾಲೇಜಿನ ಕೆಲ್ಸಕ್ಕೂ ಬರಬ್ಯಾಡ."

ರಫಿ ಹೂವು ನೋಡಿದ, ನನ್ನನ್ನು ನೋಡಿದ. ಚೀಲ ಎತ್ತಿಕೊಂಡ.

"ಕುಂತ್ಕಳಪ್ಪ," ಅಂದೆ. "ಶೈಲಾ, ಕರೆಂಟ್ ಹೋಗಿರ್ಲಿಲ್ಲ. ನಾನೇ ಆರಿಸ್ದೆ."

"ನೀರು ಚಿಮುಕಿಸ್ಲಿಲ್ಲವಲ್ಲ ಅಜ್ಜಿ, ಅಷ್ಟು ಪುಣ್ಯ," ಅಂದ ರಫಿ. ಯಾರೂ ನಗಲಿಲ್ಲ.

ಶೈಲಾ ಅವನ ಕ್ಷಮೆ ಕೇಳಿದಳು. ಪ್ರೊಫೆಸರಿಗೆ ಫೋನ್ ಮಾಡಿ ತಪ್ಪು ತನ್ನದೇ ಅಂದಳು. ನನ್ನ ಹೆಸರು ಎತ್ತಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಯಂತ್ರ ಮತ್ತೆ ಓಡುತ್ತಿದೆ. ಕಾಲೇಜಿಗೆ ಹೋಗುವಾಗ ಅವಳು ಆ ಕೋಣೆಗೆ ಬೀಗ ಹಾಕುತ್ತಾಳೆ. ನನ್ನ ಹಾಸಿಗೆ ನಡುಮನೆಗೆ ಬಂದಿದೆ. ಊರಿಗೆ ಯಾವಾಗ ಬರ್ತೀಯ ಅಂತ ನೀವು ಫೋನಿನಲ್ಲಿ ಕೇಳುತ್ತೀರಿ. ಈ ಮೂರು ವಾರ ಮುಗಿಯಲಿ ಅನ್ನುತ್ತೇನೆ. ಇಲ್ಲಿ ಇರು ಅಂತ ಅವಳಿನ್ನೂ ಅಂದಿಲ್ಲ.