ಮೊಟ್ಟೆ ಇಡುವವರ ಪಾಲು

ಎಪ್ಪತ್ತರ ದಶಕದ ಮಾತು. ನಾಸಿಕದ ಅಂಬಡದಲ್ಲಿ ನಮ್ಮ ಬಾಡಿಗೆ ಖೋಲಿಯ ಹಿಂದೆ ಒಂದಿಷ್ಟು ಖಾಲಿ ಜಾಗವಿತ್ತು. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ಗಂಡನಿಗೆ ಅಲ್ಲಿ ಕೋಳಿ ಸಾಕುವ ಹುಚ್ಚು ಹಿಡಿಯಿತು. ನಾವು ಬೀದರ ಕಡೆಯ ಲಿಂಗ ಕಟ್ಟಿದ ಮಂದಿ, ಮೊಟ್ಟೆ ಮುಟ್ಟಿದವರಲ್ಲ. ತಿನ್ನುವುದು ತಪ್ಪು, ಸಾಕಿ ಮಾರುವುದು ತಪ್ಪಲ್ಲ ಎಂದು ತಾವೇ ತೀರ್ಪು ಕೊಟ್ಟುಕೊಂಡು, ಕೋಳಿ, ಮರಿ, ಒಂದು ಹುಂಜ, ನಾಲ್ಕು ಬಾತುಕೋಳಿ ತಂದು ನನ್ನ ಕೊರಳಿಗೆ ಕಟ್ಟಿದರು. ನಾನಾಗ ಐದು ತಿಂಗಳ ಬಸುರಿ.

ಎಲ್ಲಕ್ಕೂ ಒಂದೇ ಹಿಟ್ಟು ಕಲಸಿ ಹಾಕುತ್ತಿದ್ದೆ. ಕೆಲವೇ ವಾರದಲ್ಲಿ ಮೊಟ್ಟೆಯ ಚಿಪ್ಪು ಹಿಡಿದರೆ ಒಡೆಯುವಷ್ಟು ತೆಳುವಾಯಿತು. ನಮ್ಮವರಿಗೆ ಊಟ ಸೇರಲಿಲ್ಲ. ರಜೆ ಹಾಕಿ ದನದ ಡಾಕ್ಟರ ಹತ್ತಿರ ಓಡಿ, ಒಂದು ಚೀಟಿ ಬರೆಸಿಕೊಂಡು ಬಂದರು. ಮರಿಗೆ ಸಣ್ಣ ನುಚ್ಚು, ಶೇಂಗಾ ಹಿಂಡಿ, ಮಜ್ಜಿಗೆ. ಬಾತುಗಳಿಗೆ ನೀರಲ್ಲಿ ಕಲಸಿದ ತೌಡು. ಮೊಟ್ಟೆ ಇಡುವ ಕೋಳಿಗೆ ಗೋವಿನಜೋಳ, ಹಿಂಡಿ, ಸೊಪ್ಪು, ಮೇಲೆ ಮೊಟ್ಟೆ ಗಟ್ಟಿಯಾಗಲೆಂದು ಕಪ್ಪೆಚಿಪ್ಪಿನ ಪುಡಿ. ಆ ಪುಡಿ ಮಾತ್ರ ಮರಿಗಳ ಬಾಯಿಗೆ ಬೀಳಬಾರದು. ಚೀಟಿಯನ್ನು ಒಲೆಯ ಮೇಲಿನ ಗೋಡೆಗೆ ಅಂಟಿಸಿದರು. ಪಂಚವಟಿಯ ಪೇಟೆಯೆಲ್ಲ ಸುತ್ತಿ ಪುಡಿ ಹುಡುಕಿ ತಂದರು. ಹುಂಜಕ್ಕೆ ಬೇರೆಯೇ ಗೂಡು ಕಟ್ಟಿದರು.

"ಹುಂಜ ಮೊದಲ ತಿಂದ್ರ ತತ್ತಿ ಇಡೋ ಕೋಳಿಗೆ ಏನ್ ಉಳೀತದ? ಅದರ ಹೊಟ್ಟಿ ಮೊದಲ ನೋಡಬೇಕು," ಎಂದು ನನಗೆ ಪಾಠ ಹೇಳಿದರು.

ಹೇಳಿದ್ದು ಯಾವಾಗ ಅಂತೀರಿ? ತಾವೂ, ನಮ್ಮಲ್ಲೇ ಇದ್ದ ನನ್ನ ಮೈದುನನೂ ಉಂಡು ಕೈ ತೊಳೆಯುತ್ತಿದ್ದಾಗ. ನಾನು ತಳದಲ್ಲಿ ಉಳಿದ ಬೇಳೆ ನೀರಿಗೆ ಅರ್ಧ ರೊಟ್ಟಿ ಮುರಿದುಕೊಳ್ಳುತ್ತಿದ್ದೆ. ಮಜ್ಜಿಗೆ ಮರಿಗಳಿಗೆ ಹೋಗಿತ್ತು. ಹೊಟ್ಟೆ ಉರಿಯಲಿಲ್ಲವೇ? ಉರಿಯಿತು. ಆದರೂ ಬಾಯಿ ಸತ್ತವಳಂತೆ ಸುಮ್ಮನಿದ್ದೆ. ನೆನೆದರೆ ಇವತ್ತಿಗೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಏಳನೇ ತಿಂಗಳಲ್ಲಿ ರೊಟ್ಟಿ ಕಡಿಯುವಾಗ ನನ್ನ ದವಡೆ ಹಲ್ಲು ಮುರಿಯಿತು. ಡಾಕ್ಟರಬಾಯಿ ಕಣ್ಣಿನ ರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ಹಾಲು, ಸೊಪ್ಪು, ಶೇಂಗಾ ತಿನ್ನು ಎಂದು ಮರಾಠಿಯಲ್ಲಿ ಬೈದರು. ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಬಸುರಿಯರಿಗೆ ಇದೆಲ್ಲ ಇದ್ದದ್ದೇ, ನಮ್ಮವ್ವ ಏಳು ಹೆತ್ತಿಲ್ಲವೇ ಎಂದರು. ಅಷ್ಟರಲ್ಲಿ ಮೊಟ್ಟೆಯ ಚಿಪ್ಪು ಗಟ್ಟಿಯಾಗಿತ್ತು. ಒಂದನ್ನು ಬೆರಳಿನಿಂದ ಟಕ್ ಟಕ್ ಬಡಿದು ಓಣಿಯವರಿಗೆಲ್ಲ ತೋರಿಸಿಕೊಂಡು ಬಂದರು.

ಒಂಬತ್ತು ತುಂಬುವ ಮುಂಚೆಯೇ ಮಗು ಹುಟ್ಟಿತು. ಹೆಣ್ಣು. ಅಂಗೈಯಲ್ಲಿ ಹಿಡಿಯುವಷ್ಟಿತ್ತು. ನನಗೆ ಎದೆಹಾಲು ಬರಲಿಲ್ಲ. ಆರು ದಿನ ಬದುಕಿತ್ತು, ಹೆಸರಿಡುವ ಮೊದಲೇ ಹೋಯಿತು.

ಮಣ್ಣು ಮಾಡಿ ಬಂದು ಅವರು ಒಲೆಯ ಮುಂದೆ ಕುಳಿತು ಅತ್ತರು. ನಿಜವಾಗಿಯೇ ಅತ್ತರು, ಸುಳ್ಳು ಹೇಳಲಾರೆ. ಯಾಕೆ ಹೀಗಾಯಿತು, ಏನು ಕಡಿಮೆಯಾಗಿತ್ತು ಎಂದು ನನ್ನನ್ನೇ ಕೇಳಿದರು. ನಾನು ಎದ್ದು ಗೋಡೆಯ ಚೀಟಿ ಕಿತ್ತು ಅವರ ಕೈಗೆ ಕೊಟ್ಟೆ.

"ಇದರಾಗ ನನ್ನ ಪಾಲು ಎಲ್ಲಿ ಅದ, ಓದ್ರಿ."

ಮೇಲಿನಿಂದ ಕೆಳಗಿನವರೆಗೆ ಓದಿದರು. ಹಿತ್ತಲಲ್ಲಿ ಕೋಳಿಗಳು ಹಸಿದು ಕೂಗುತ್ತಿದ್ದವು. ಅವರು ಎದ್ದರು. ಪಾತ್ರೆಯಿಂದ ನಾಲ್ಕು ಅಗುಳು ಅನ್ನ ತೆಗೆದು ಚೀಟಿಯ ಹಿಂದೆ ಒತ್ತಿ, ಅದನ್ನು ಮತ್ತೆ ಅದೇ ಜಾಗಕ್ಕೆ ಅಂಟಿಸಿದರು.